ಕೈಯಾಟದ ಯಂತ್ರಗಳೂ ನಿತ್ಯೋಪಯೋಗವೂ: ಒಂದು ತುಲನಾತ್ಮಕ ವಿವೇಚನೆ

ಅಂಗೈಯಲ್ಲಿ ಹಿಡಿದು ಆಡುವುದಕ್ಕೂ, ಕೆಲವು ವೇಳೆ ಹಾಡು ಕೇಳುವುದಕ್ಕೂ ಚಿತ್ರ ನೋಡುವುದಕ್ಕೂ ಒದಗುವ ವಿದ್ಯುನ್ಮಾನ ಯಂತ್ರಗಳು ಜನರ ಕೈಗೆ ಬಂದು ನಾಲ್ಕು ದಶಕಗಳು ಮೀರಿದುವು. ಇವುಗಳನ್ನು ಕುರಿತ ಬರಹಗಳಲ್ಲಿ ಬಹುಪಾಲು ಯಂತ್ರಶಕ್ತಿಯ ಹೋಲಿಕೆಯಲ್ಲಿಯೇ ತೃಪ್ತಿಗೊಳ್ಳುತ್ತವೆ. ಪರದೆಯ ಬಣ್ಣಗಳೆಷ್ಟು, ಗಣಕದ ವೇಗವೆಷ್ಟು, ನೆನಪಿನ ಗಾತ್ರವೆಷ್ಟು ಎಂಬ ಪಟ್ಟಿಯೇ ಅಲ್ಲಿ ಪ್ರಮಾಣ. ಇತಿಹಾಸದ ವಿದ್ಯಾರ್ಥಿಯು ಈ ಪಟ್ಟಿಯನ್ನೇ ನಂಬಿ ಹೊರಟರೆ ಒಂದು ತೊಡಕಿಗೆ ಸಿಕ್ಕುತ್ತಾನೆ. ಏಕೆಂದರೆ ಪಟ್ಟಿಯಲ್ಲಿ ಮೇಲಿದ್ದ ಯಂತ್ರವು ಬಳಕೆಯಲ್ಲಿ ಹಿಂದೆ ಬಿದ್ದ ನಿದರ್ಶನಗಳು ಒಂದೆರಡಲ್ಲ. ಇದರ ಕಾರಣವನ್ನು ಕೆಲವು ಯಂತ್ರಗಳ ತುಲನೆಯಿಂದ ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಿತ್ಯೋಪಯೋಗವೆಂಬ ಮಾತಿನ ಅರ್ಥವನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ದಿನವೂ ಬಳಸುವ ವಸ್ತುವಿಗೆ ನಾಲ್ಕು ಗುಣಗಳು ಅವಶ್ಯಕ. ಒಂದು, ಕೊಳ್ಳುವ ಬೆಲೆಯೂ ಕೊಂಡ ಬಳಿಕ ಅದನ್ನು ನಡೆಸುವ ವೆಚ್ಚವೂ ಕೈಗೆ ಎಟುಕುವಂತಿರಬೇಕು. ಎರಡು, ವಿದ್ಯುತ್ತು ಸಾಕಷ್ಟು ಹೊತ್ತು ನಿಲ್ಲಬೇಕು. ಮೂರು, ಬಿಡುವಾದಾಗ ತೆಗೆದು, ಕರೆ ಬಂದಾಗ ತಟಕ್ಕನೆ ಮುಚ್ಚಿಡಲು ಬರಬೇಕು. ನಾಲ್ಕು, ಜೇಬಿನ ಒತ್ತಡವನ್ನೂ ಕೈಜಾರಿದ ಪೆಟ್ಟನ್ನೂ ತಾಳಬೇಕು. ಪಟ್ಟಿಯಲ್ಲಿ ಕಾಣುವ ಶಕ್ತಿಯು ಇವುಗಳ ಜೊತೆಗೆ ಬಂದರೆ ಸಂತೋಷವೇ. ಇವುಗಳನ್ನು ಬಲಿಕೊಟ್ಟು ಬಂದರೆ ಅದು ಭಾರವಾಗುತ್ತದೆ.

ಈ ತತ್ತ್ವವನ್ನು ಮೊದಲಿಗೆ ಸ್ಪಷ್ಟವಾಗಿ ಕಂಡುಕೊಂಡವರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ಗುನ್‌ಪೇ ಯೊಕೊಯಿ ಅಗ್ರಗಣ್ಯರು. ರೈಲಿನಲ್ಲಿ ಪ್ರಯಾಣಿಕನೊಬ್ಬನು ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತಿದ್ದುದು ಅವರ ಕಲ್ಪನೆಗೆ ಪ್ರೇರಣೆಯಾಯಿತೆಂದು ಪ್ರತೀತಿಯಿದೆ. ೧೯೮೦ರಲ್ಲಿ ಹೊರಬಂದ ‘ಗೇಮ್ ಅಂಡ್ ವಾಚ್’ ಎಂಬ ಯಂತ್ರದಲ್ಲಿ ಒಂದು ಆಟ ಮತ್ತು ಒಂದು ಗಡಿಯಾರ ಮಾತ್ರ ಇದ್ದುವು. ಆದರೂ ಆ ಮಾಲೆಯ ಯಂತ್ರಗಳು ಒಟ್ಟು ೪ ಕೋಟಿ ೩೪ ಲಕ್ಷದಷ್ಟು ಮಾರಾಟವಾದುವು. ಬಳಕೆಯಲ್ಲಿ ಪಳಗಿ ಅಗ್ಗವಾದ ತಂತ್ರವನ್ನು ಹೊಸ ಉದ್ದೇಶಕ್ಕೆ ತಿರುಗಿಸಬೇಕೆಂಬುದು ಯೊಕೊಯಿಯವರ ಸಿದ್ಧಾಂತ. ಕ್ಯಾಲ್ಕುಲೇಟರಿನ ಪರದೆಯನ್ನು ಆಟದ ಪರದೆಯನ್ನಾಗಿ ಮಾಡಿದುದು ಇದರ ಒಂದು ಪ್ರಯೋಗ.

ಈ ಸಿದ್ಧಾಂತದ ನಿಜವಾದ ಪರೀಕ್ಷೆ ನಡೆದುದು ೧೯೮೯ರಿಂದ ೧೯೯೧ರ ವರೆಗಿನ ಅವಧಿಯಲ್ಲಿ. ನಿಂಟೆಂಡೊದ ‘ಗೇಮ್ ಬಾಯ್’ ೧೯೮೯ರ ಏಪ್ರಿಲ್ ತಿಂಗಳಲ್ಲಿ ಜಪಾನಿನಲ್ಲಿ ಹೊರಬಂದಿತು. ಅದರ ಪರದೆಯಲ್ಲಿ ಬಣ್ಣಗಳಿಲ್ಲ. ಹಸಿರು ಮಿಶ್ರಿತ ನಾಲ್ಕು ಛಾಯೆಗಳು ಮಾತ್ರ. ಹಿಂಬೆಳಕೂ ಇಲ್ಲದುದರಿಂದ ದೀಪದ ಕೆಳಗೋ ಕಿಟಕಿಯ ಬಳಿಯೋ ಕುಳಿತೇ ಆಡಬೇಕು. ಅದೇ ವರ್ಷ ಅಮೆರಿಕದಲ್ಲಿ ಅಟಾರಿ ಸಂಸ್ಥೆಯ ‘ಲಿಂಕ್ಸ್’, ಮರುವರ್ಷ ಜಪಾನಿನಲ್ಲಿ ಸೇಗಾ ಸಂಸ್ಥೆಯ ‘ಗೇಮ್ ಗೇರ್’ ಬಂದುವು. ಇವೆರಡಕ್ಕೂ ಬಣ್ಣದ ಪರದೆಯಿತ್ತು, ಹಿಂಬೆಳಕಿತ್ತು. ಗೇಮ್ ಗೇರಿಗೆ ಪ್ರತ್ಯೇಕ ಉಪಕರಣವೊಂದನ್ನು ಜೋಡಿಸಿದರೆ ದೂರದರ್ಶನವನ್ನೂ ನೋಡಬಹುದಾಗಿತ್ತು. ಬಹುಮಾಧ್ಯಮ ಯಂತ್ರವೆಂದು ಮುಂದೆ ಪ್ರಸಿದ್ಧವಾದುದರ ಪೂರ್ವರೂಪವನ್ನು ಇಲ್ಲಿಯೇ ಕಾಣಬಹುದು. ಪಟ್ಟಿಯನ್ನು ನೋಡಿದವರು ಗೇಮ್ ಬಾಯ್ ಸೋಲುವುದೆಂದೇ ಹೇಳಬೇಕು.

ಈಗ ನಡೆಸುವ ವೆಚ್ಚವನ್ನು ಲೆಕ್ಕ ಹಾಕೋಣ. ಗೇಮ್ ಬಾಯ್ ೪ ಪೆನ್ಸಿಲ್ ಸೆಲ್ಲುಗಳಿಂದ ಸುಮಾರು ೧೫ ಗಂಟೆ ನಡೆಯುತ್ತಿತ್ತು. ಲಿಂಕ್ಸ್ ೬ ಸೆಲ್ಲುಗಳಿಂದ ೪ರಿಂದ ೫ ಗಂಟೆ, ಗೇಮ್ ಗೇರ್ ೬ ಸೆಲ್ಲುಗಳಿಂದ ೩ರಿಂದ ೫ ಗಂಟೆ ನಡೆಯುತ್ತಿದ್ದುವು. ಹುಡುಗನೊಬ್ಬನು ದಿನಕ್ಕೆ ಒಂದು ಗಂಟೆಯಂತೆ ೩೦ ದಿನ ಆಡಿದನೆಂದು ಭಾವಿಸಿದರೆ, ಗೇಮ್ ಬಾಯಿಗೆ ತಿಂಗಳಿಗೆ ೮ ಸೆಲ್ಲುಗಳು ಸಾಕು. ಲಿಂಕ್ಸಿಗೆ ಐದು ಗಂಟೆಯ ಲೆಕ್ಕದಲ್ಲಿಯೇ ೩೬ ಬೇಕು. ಗೇಮ್ ಗೇರಿಗೆ ನಾಲ್ಕು ಗಂಟೆಯ ಸರಾಸರಿ ಹಿಡಿದರೆ ೪೫ ಬೇಕು. ಅಮೆರಿಕದಲ್ಲಿ ಗೇಮ್ ಬಾಯಿಯ ಬೆಲೆ ಸುಮಾರು ೯೦ ಡಾಲರು, ಲಿಂಕ್ಸಿನದು ಸುಮಾರು ೧೮೦, ಗೇಮ್ ಗೇರಿನದು ಸುಮಾರು ೧೫೦. ಅಂದರೆ ಕೊಳ್ಳುವಾಗ ಹೆಚ್ಚು ಕೊಟ್ಟವನೇ ಪ್ರತಿ ತಿಂಗಳೂ ನಾಲ್ಕೈದು ಪಟ್ಟು ಸೆಲ್ಲುಗಳನ್ನು ಕೊಳ್ಳಬೇಕಾಗಿತ್ತು. ಇಲ್ಲವೆ ಗೋಡೆಯ ಪ್ಲಗ್ಗಿಗೆ ತಂತಿಯಿಂದ ಜೋಡಿಸಿ ಆಡಬೇಕಾಗಿತ್ತು. ಗೋಡೆಗೆ ಕಟ್ಟಿಹಾಕಿದ ಮೇಲೆ ಅದು ಕೈಯಂತ್ರವೆನ್ನುವುದಕ್ಕೆ ಅರ್ಥವೇನು?

ದೃಢತೆಗೂ ಒಂದು ನಿದರ್ಶನವಿದೆ. ೧೯೯೧ರ ಕೊಲ್ಲಿ ಯುದ್ಧದಲ್ಲಿ ಸೈನಿಕರ ವಸತಿಯೊಂದು ಬಾಂಬಿಗೆ ತುತ್ತಾದಾಗ ಸುಟ್ಟು ಕರಕಾದ ಗೇಮ್ ಬಾಯೊಂದು ಮತ್ತೆ ನಡೆಯಿತು. ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯಲ್ಲಿ ಅದನ್ನು ಬಹುಕಾಲ ಪ್ರದರ್ಶನಕ್ಕೆ ಇಟ್ಟಿದ್ದರು. ಗೇಮ್ ಬಾಯ್ ಮತ್ತು ಅದರ ಬಣ್ಣದ ಉತ್ತರಾಧಿಕಾರಿ ಎರಡೂ ಸೇರಿ ೧೧ ಕೋಟಿ ೮೬ ಲಕ್ಷಕ್ಕೂ ಮಿಕ್ಕಿ ಮಾರಾಟವಾದುವು. ಗೇಮ್ ಗೇರ್ ಸುಮಾರು ಒಂದು ಕೋಟಿಯಲ್ಲಿ ನಿಂತಿತು. ಆದರೆ ಈ ಗೆಲುವನ್ನೆಲ್ಲ ಸೆಲ್ಲುಗಳ ಲೆಕ್ಕಕ್ಕೇ ಸಲ್ಲಿಸುವುದು ನ್ಯಾಯವಲ್ಲ. ಅಮೆರಿಕದಲ್ಲಿ ಯಂತ್ರದೊಡನೆಯೇ ದೊರೆತ ‘ಟೆಟ್ರಿಸ್’, ೧೯೯೬ರಲ್ಲಿ ಜಪಾನಿನಲ್ಲಿ ಬಂದ ‘ಪೋಕೆಮಾನ್’ ಮೊದಲಾದ ಆಟಗಳ ಆಕರ್ಷಣೆಯೂ ಇದರಲ್ಲಿ ದೊಡ್ಡ ಪಾಲು ಪಡೆದಿದೆ. ಟೆಟ್ರಿಸ್ ಐದು ನಿಮಿಷದ ಬಿಡುವಿಗೂ ಹೊಂದುವ ಆಟವೆಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು.

ಎರಡನೆಯ ಪ್ರಮುಖ ಘಟ್ಟವು ೨೦೦೩-೦೪ರದು. ಆ ವೇಳೆಗೆ ಹಾಡು, ಚಿತ್ರ, ದೂರವಾಣಿ, ಆಟ ಇವೆಲ್ಲವನ್ನೂ ಒಂದೇ ಯಂತ್ರದಲ್ಲಿ ಕೂಡಿಸುವ ಹಂಬಲ ಬಲವಾಗಿತ್ತು. ೨೦೦೩ರಲ್ಲಿ ನೋಕಿಯಾ ಸಂಸ್ಥೆಯು ಹೊರತಂದ ‘ಎನ್-ಗೇಜ್’ ಆಟದ ಯಂತ್ರವೂ ಹೌದು, ದೂರವಾಣಿಯೂ ಹೌದು. ಕಲ್ಪನೆ ದೂರದೃಷ್ಟಿಯದಾಗಿತ್ತು, ರಚನೆ ಮಾತ್ರ ದಿನಚರಿಗೆ ವಿರುದ್ಧವಾಗಿತ್ತು. ಆಟವನ್ನು ಬದಲಾಯಿಸಬೇಕಾದರೆ ಹಿಂಬದಿಯನ್ನು ತೆರೆದು ಬ್ಯಾಟರಿಯನ್ನೇ ಹೊರತೆಗೆಯಬೇಕು. ಮಾತನಾಡಬೇಕಾದರೆ ಯಂತ್ರದ ಅಂಚನ್ನು ಕಿವಿಗೆ ಹಿಡಿಯಬೇಕು. ಮರುವರ್ಷದ ತಿದ್ದಿದ ಮಾದರಿಯಲ್ಲಿ ಈ ದೋಷಗಳು ನಿವಾರಣೆಯಾದರೂ ಜನರ ಒಲವು ಮರಳಲಿಲ್ಲ.

೨೦೦೪ರ ಡಿಸೆಂಬರಿನಲ್ಲಿ ಸೋನಿ ಸಂಸ್ಥೆಯ ‘ಪಿಎಸ್‌ಪಿ’ ಜಪಾನಿನಲ್ಲಿ ಬಂದಿತು. ೪.೩ ಅಂಗುಲದ ಅದರ ಅಗಲವಾದ ಪರದೆ ಆ ಕಾಲಕ್ಕೆ ಬೆರಗು ಹುಟ್ಟಿಸುವಂಥದು. ಹಾಡು, ಛಾಯಾಚಿತ್ರ, ಚಲನಚಿತ್ರ, ಮುಂದೆ ಅಂತರ್ಜಾಲ ಇವೆಲ್ಲಕ್ಕೂ ಅದರಲ್ಲಿ ಅವಕಾಶವಿತ್ತು. ಆದರೆ ಚಲನಚಿತ್ರಗಳನ್ನು ‘ಯುಎಂಡಿ’ ಎಂಬ ಪುಟ್ಟ ತಟ್ಟೆಗಳಲ್ಲಿ ಮಾರುತ್ತಿದ್ದರು; ಆ ತಟ್ಟೆ ಬೇರೆ ಯಾವ ಜಾತಿಯ ಯಂತ್ರದಲ್ಲಿಯೂ ನಡೆಯದು. ಮನೆಯಲ್ಲಿ ಡಿವಿಡಿ ಇದ್ದವನು ಅದೇ ಚಿತ್ರವನ್ನು ಎರಡನೆಯ ಸಲ ಕೊಳ್ಳಬೇಕಾಯಿತು. ಬ್ಯಾಟರಿ ಆಟಕ್ಕೆ ೪ರಿಂದ ೬ ಗಂಟೆ ಬರುತ್ತಿತ್ತು. ಅದೇ ಋತುವಿನಲ್ಲಿ ಬಂದ ‘ನಿಂಟೆಂಡೊ ಡಿಎಸ್’ ಶಕ್ತಿಯಲ್ಲಿ ಬಹಳ ಕೆಳಗೆ. ಅದರ ಬ್ಯಾಟರಿ ೬ರಿಂದ ೧೦ ಗಂಟೆ. ಅದಕ್ಕೆ ಎರಡು ಸಣ್ಣ ಪರದೆಗಳಿದ್ದು, ಕೆಳಗಿನದನ್ನು ಕಡ್ಡಿಯಿಂದ ಮುಟ್ಟಿ ಆಡಬಹುದಾಗಿತ್ತು. ಪುಸ್ತಕದಂತೆ ಮಡಚಿದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು, ಪರದೆಗೂ ರಕ್ಷಣೆಯಾಗುತ್ತಿತ್ತು. ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದ ರ್ಯೂತಾ ಕವಾಷಿಮಾ ಅವರ ಹೆಸರಿನೊಡನೆ ೨೦೦೫ರಲ್ಲಿ ಬಂದ ಮಿದುಳಿನ ವ್ಯಾಯಾಮದ ಆಟವು, ಎಂದೂ ಆಟದ ಯಂತ್ರ ಮುಟ್ಟದ ವಯಸ್ಸಾದವರನ್ನೂ ಸೆಳೆಯಿತು. ಡಿಎಸ್ ಮಾಲೆ ೧೫ ಕೋಟಿ ೪೦ ಲಕ್ಷದಷ್ಟು ಮಾರಾಟವಾಯಿತು. ಪಿಎಸ್‌ಪಿಯೂ ಸುಮಾರು ೮ ಕೋಟಿ ಮಾರಾಟವಾದುದರಿಂದ ಅದನ್ನು ಸೋತ ಯಂತ್ರವೆನ್ನಲಾಗದು. ಆದರೆ ಅದು ಬಾಳಿದುದು ಆಟದ ಯಂತ್ರವಾಗಿ. ಚಲನಚಿತ್ರದ ತಟ್ಟೆಗಳು ಕೆಲವೇ ವರ್ಷಗಳಲ್ಲಿ ಅಂಗಡಿಗಳಿಂದ ಮರೆಯಾದುವು.

ನಿತ್ಯೋಪಯೋಗವೆಂದರೆ ಯಾರ ನಿತ್ಯ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಇದಕ್ಕೆ ನಮ್ಮ ಬೆಂಗಳೂರಿನ ಪ್ರಯತ್ನವೊಂದು ಒಳ್ಳೆಯ ನಿದರ್ಶನ. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಗಣಕದ ಮಾದರಿ ೨೦೦೧ರಲ್ಲಿ ಪ್ರಕಟವಾಯಿತು. ಆಟವು ಅದರ ಉದ್ದೇಶವಾಗಿರಲಿಲ್ಲ. ಓದುಬರಹ ಬಾರದವರಿಗೂ ಚಿತ್ರದಿಂದ, ಕನ್ನಡವೇ ಮೊದಲಾದ ನುಡಿಗಳ ಧ್ವನಿಯಿಂದ ಮಾಹಿತಿ ಒದಗಿಸುವುದು ಅದರ ಗುರಿ. ಒಂದು ಯಂತ್ರವನ್ನು ಹಲವರು ಹಂಚಿಕೊಂಡು, ಪ್ರತಿಯೊಬ್ಬರೂ ತಮ್ಮದೇ ಕಾರ್ಡನ್ನು ತೂರಿಸಿ ಬಳಸುವ ಏರ್ಪಾಡು ಅದರಲ್ಲಿತ್ತು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿಯಲ್ಲಿ ಯಂತ್ರವನ್ನು ಓರೆ ಮಾಡಿದರೆ ಆ ಚಲನೆಯನ್ನು ಗ್ರಹಿಸುವ ಸಾಧನವೂ ಇತ್ತು. ಆದರೆ ಸುಮಾರು ಹತ್ತು ಸಾವಿರ ರೂಪಾಯಿಯ ಬೆಲೆ ಹಳ್ಳಿಯ ಬದುಕಿಗೆ ಭಾರವೇ ಆಯಿತು. ಅದೇ ವರ್ಷಗಳಲ್ಲಿ ಮೊಬೈಲು ಅಗ್ಗವಾಗಿ, ಹಂಚಿಕೊಳ್ಳುವ ಯಂತ್ರಕ್ಕಿಂತ ತನ್ನದೆನ್ನುವ ಯಂತ್ರವೇ ಜನರಿಗೆ ಹತ್ತಿರವಾಯಿತು. ಸಿಂಪ್ಯೂಟರಿನ ತಂತ್ರದಲ್ಲಿ ಕೊರತೆಯಿರಲಿಲ್ಲ. ಅದು ಊಹಿಸಿದ ನಿತ್ಯಜೀವನ ಬೇರೆ, ಜನರು ಬಯಸಿದ ನಿತ್ಯಜೀವನ ಬೇರೆ.

೨೦೦೭ರಲ್ಲಿ ಐಫೋನ್, ೨೦೦೮ರಲ್ಲಿ ಅದರ ತಂತ್ರಾಂಶದ ಅಂಗಡಿ ಬಂದ ಬಳಿಕ ತುಲನೆಯ ನೆಲೆಯೇ ಬದಲಾಯಿತು. ಆಡುವುದಕ್ಕೆ ಮೊಬೈಲು ಉತ್ತಮ ಸಾಧನವೇನಲ್ಲ. ಗುಂಡಿಗಳಿಲ್ಲದ ಪರದೆಯಲ್ಲಿ ಬೆರಳೇ ನೋಟಕ್ಕೆ ಅಡ್ಡ. ಆಟಕ್ಕೆ ವೆಚ್ಚವಾದ ಚಾರ್ಜು ಕರೆಗೆ ಉಳಿಯದು. ಆದರೂ ಅದು ಆಗಲೇ ಜೇಬಿನಲ್ಲಿರುವುದರಿಂದ ಎರಡನೆಯ ಯಂತ್ರವನ್ನು ಹೊರುವ ತೊಂದರೆ ತಪ್ಪುತ್ತದೆ. ಪ್ರತ್ಯೇಕ ಆಟದ ಯಂತ್ರವು ಇದರಿಂದ ನಾಶವಾಗಲಿಲ್ಲ. ೨೦೧೭ರ ‘ನಿಂಟೆಂಡೊ ಸ್ವಿಚ್’ ದೂರದರ್ಶನಕ್ಕೂ ಕೈಗೂ ಒದಗುವಂತೆ ರಚಿತವಾಗಿ ೧೫ ಕೋಟಿಗೂ ಮಿಕ್ಕಿ ಮಾರಾಟವಾಯಿತು. ೨೦೨೨ರ ‘ಸ್ಟೀಮ್ ಡೆಕ್’ ಮೇಜಿನ ಗಣಕದ ಆಟಗಳನ್ನೇ ಕೈಗೆ ತಂದಿತು. ಆದರೆ ಅದರ ತೂಕ ಸುಮಾರು ೬೭೦ ಗ್ರಾಂ, ಭಾರಿ ಆಟಗಳಿಗೆ ಬ್ಯಾಟರಿ ಎರಡು ಗಂಟೆಯ ಆಸುಪಾಸು. ೧೯೯೦ರ ಹಳೆಯ ಲೆಕ್ಕವೇ ಇಲ್ಲಿ ಮತ್ತೆ ತಲೆಯೆತ್ತುವುದನ್ನು ವಾಚಕರು ಗಮನಿಸಬಹುದು.

ಕೊನೆಯದಾಗಿ, ಇತಿಹಾಸಕಾರನಿಗೆ ವಿಶೇಷವಾಗಿ ಸಂಬಂಧಿಸಿದ ಐದನೆಯ ಗುಣವೊಂದಿದೆ, ಅದು ಬಾಳಿಕೆ. ೧೯೮೯ರ ಗೇಮ್ ಬಾಯಿಗೆ ಇಂದು ಅಂಗಡಿಯ ಸೆಲ್ಲು ಹಾಕಿದರೆ ಅದು ನಡೆದೀತು. ಆಟದ ಕಾರ್ಟ್ರಿಜ್ಜಿನೊಳಗಿನ ಪುಟ್ಟ ಬ್ಯಾಟರಿ ಸತ್ತು ಆಡಿದವನ ಗುರುತು ಅಳಿದಿದ್ದರೂ ಆಟವು ಉಳಿದಿರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ನಿಂಟೆಂಡೊ ತನ್ನ ‘೩ಡಿಎಸ್’ ಯಂತ್ರದ ಅಂತರ್ಜಾಲದ ಅಂಗಡಿಯಲ್ಲಿ ೨೦೨೩ರ ಮಾರ್ಚಿಯಲ್ಲಿ ಮಾರಾಟವನ್ನು ನಿಲ್ಲಿಸಿತು. ತಟ್ಟೆಯಾಗಲಿ ಕಾರ್ಟ್ರಿಜ್ಜಾಗಲಿ ಇಲ್ಲದೆ ಅಲ್ಲಿ ಮಾತ್ರ ಮಾರುತ್ತಿದ್ದ ಆಟಗಳನ್ನು ಅಂದಿನಿಂದ ಹೊಸದಾಗಿ ಕೊಳ್ಳುವ ದಾರಿಯೇ ಇಲ್ಲ. ಶಾಸನವೊಂದು ಕಲ್ಲಿನಲ್ಲಿದ್ದರೆ ಸಾವಿರ ವರ್ಷದ ಮೇಲೂ ಓದಬಹುದು. ಈ ಆಟಗಳು ಮೂವತ್ತು ವರ್ಷ ಉಳಿಯುವುದೂ ಸಂಶಯಾಸ್ಪದ.

ಆದ್ದರಿಂದ ಸಮಕಾಲೀನ ವಸ್ತುಗಳನ್ನು ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿಗಳು ತಯಾರಕರ ಪಟ್ಟಿಯನ್ನು ಮಾತ್ರ ಆಧಾರವಾಗಿ ಇಟ್ಟುಕೊಳ್ಳಬಾರದು. ಯಂತ್ರವನ್ನು ಎಲ್ಲಿ, ಎಷ್ಟು ಹೊತ್ತು, ಯಾರ ಹಣದಿಂದ ನಡೆಸಿದರು, ಕೆಟ್ಟಾಗ ಏನು ಮಾಡಿದರು, ಯಾವಾಗ ಮೂಲೆಗಿಟ್ಟರು ಎಂಬುದನ್ನು ಬಳಸಿದವರಿಂದಲೇ ಕೇಳಿ ಬರೆದಿಡಬೇಕು. ಹಳೆಯ ಯಂತ್ರಗಳು ಗುಜರಿಗೆ ಹೋಗುವ ಮುನ್ನ, ಅವುಗಳನ್ನು ಬಳಸಿದವರ ನೆನಪು ಮಾಸುವ ಮುನ್ನ, ನಮ್ಮ ಕಾಲೇಜುಗಳಲ್ಲಿ ಈ ಕೆಲಸ ಆರಂಭವಾಗುವುದು ಅಪೇಕ್ಷಣೀಯ.