ಎಲೆ ಕೆಳಗಿಡುವ ವಿದ್ಯೆ

ವರ್ಷತೊಡಕಿನ ಬಾಡೂಟ ಮುಗಿದು ಬಿಸಿಲು ಇಳಿಮುಖವಾಗುವ ಹೊತ್ತಿಗೆ, ನಮ್ಮ ಕೃಷ್ಣರಾಜಪೇಟೆಯ ಸುತ್ತಣ ಹಳ್ಳಿಗಳಲ್ಲಿ ಅರಳಿಕಟ್ಟೆಯ ಮೇಲೋ ತೆಂಗಿನ ತೋಟದ ನೆರಳಿನಲ್ಲೋ ಕಂಬಳಿ ಹಾಸಿ ಇಸ್ಪೀಟಿನ ಕಟ್ಟನ್ನು ಬಿಚ್ಚುವುದು ನಾನು ಬಾಲ್ಯದಿಂದಲೂ ಕಂಡ ನೋಟ. ವರ್ಷದ ಉಳಿದ ದಿನಗಳಲ್ಲಿ ಎಲೆಯನ್ನು ಮುಟ್ಟದ ಗೃಹಸ್ಥರೂ ಅಂದು ಕುಳಿತು ಆಡುವರು. ಆ ಕಂಬಳಿಯ ಮೇಲೆ ಹೆಚ್ಚಾಗಿ ನಡೆಯುತ್ತಿದ್ದುದು ಅಂದರ್ ಬಾಹರ್. ಒಂದು ಎಲೆಯನ್ನು ತೆರೆದಿಟ್ಟು, ಅದೇ ಅಂಕಿಯ ಮತ್ತೊಂದು ಎಲೆ ಬೀಳುವವರೆಗೂ ಒಳಗೊಂದು ಹೊರಗೊಂದು ಎಂದು ಹಾಕುತ್ತ ಹೋಗುವುದಷ್ಟೇ ಅದರ ಕ್ರಮ. ಮೊದಲ ಎಲೆ ಬೀಳುವ ಪಕ್ಕಕ್ಕೆ ನೂರಕ್ಕೆ ಸುಮಾರು 51.5ರಷ್ಟು ಸಂಭವವುಂಟು; ಅದನ್ನು ಬಿಟ್ಟರೆ ಅಲ್ಲಿ ಆಲೋಚಿಸತಕ್ಕದ್ದೇನೂ ಇಲ್ಲ. ಹಣ ಕಟ್ಟಿದ ಮೇಲೆ ಮನುಷ್ಯನಿಗೆ ಉಳಿಯುವ ಕೆಲಸ ಕಾಯುವುದೊಂದೇ.

ಇಂಥ ಆಟಗಳನ್ನು ದೂರದಿಂದಲೇ ನೋಡಿ ಬೆಳೆದು, ಬಹುಕಾಲ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದ ನಾನು, 2022ರಲ್ಲಿ, ಬೆಂಗಳೂರಿನಲ್ಲಿ ಉದ್ಯೋಗಿಯಾಗಿದ್ದ ನನ್ನ ತಂಗಿಯ ಮಗನ ಕೈಯಿಂದ ಪೋಕರ್ ಎಂಬ ಆಟವನ್ನು ಕಲಿತೆನು. ಪ್ರತಿಯೊಬ್ಬನಿಗೂ ಎರಡು ಗುಪ್ತವಾದ ಎಲೆಗಳು. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು, ಮೊದಲು ಮೂರು, ಅನಂತರ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಉತ್ತಮವಾದ ಐದನ್ನು ಕೂಡಿಸಿದವನದು ಗೆಲುವು. ಆದರೆ ಪ್ರತಿಯೊಂದು ಘಟ್ಟದಲ್ಲಿಯೂ ಪಣವನ್ನು ಸರಿಗಟ್ಟಬಹುದು, ಏರಿಸಬಹುದು, ಇಲ್ಲವೇ ಎಲೆಗಳನ್ನು ಕೆಳಗಿಟ್ಟು ಆ ಕೈಯಿಂದ ಹೊರಗುಳಿಯಬಹುದು. ಈ ಮೂರನೆಯ ಸ್ವಾತಂತ್ರ್ಯವೇ ಆಟದ ಜೀವವೆಂಬುದು ನನಗೆ ತಿಳಿಯಲು ತಿಂಗಳುಗಳೇ ಹಿಡಿದವು. "ಯಾಕ್ ಮಾವ, ಎಲ್ಲಾ ಎಲೆಗೂ ಹೋಯ್ತೀರಾ? ಹತ್ತು ಕೈ ಬಂದ್ರೆ ಎಂಟು ಕೆಳಕ್ಕಿಡಿ" ಎಂದು ಹುಡುಗ ಮತ್ತೆ ಮತ್ತೆ ಹೇಳುತ್ತಿದ್ದನು.

ನಾನು ಆಡಿದುದೆಲ್ಲ ಮೊಬೈಲಿನಲ್ಲಿ, ನೂರು ರೂಪಾಯಿ ಪ್ರವೇಶಧನದ ಸಣ್ಣ ಪಂದ್ಯಾವಳಿಗಳಲ್ಲಿ. ಹಣ ಕಟ್ಟಿದವರೆಲ್ಲರಿಗೂ ಸಮಾನವಾಗಿ, ಹತ್ತು ಸಾವಿರವೆಂದಿಟ್ಟುಕೊಳ್ಳಿ, ಬಿಲ್ಲೆಗಳನ್ನು ಕೊಡುವರು. ಆ ಬಿಲ್ಲೆಗಳು ಹಣವಲ್ಲ. ಅವು ತೀರಿದವನು ಎದ್ದು ಹೋಗಬೇಕು, ಕೊನೆಯವರೆಗೆ ಉಳಿದ ಕೆಲವರಿಗೆ ಬಹುಮಾನ. ಕಡ್ಡಾಯವಾಗಿ ಇಡಬೇಕಾದ ಪಣವು ಕೆಲವು ನಿಮಿಷಗಳಿಗೊಮ್ಮೆ ಏರುತ್ತ ಹೋಗುವುದರಿಂದ ಒಳ್ಳೆಯ ಎಲೆಗಾಗಿ ಕೊನೆಯಿಲ್ಲದೆ ಕಾದು ಕೂರುವಂತೆಯೂ ಇಲ್ಲ. ನನ್ನ ಮನಸ್ಸನ್ನು ಬಹುವಾಗಿ ಸೆಳೆದುದು ಆ ನಷ್ಟಕ್ಕಿದ್ದ ಗಡಿ. ಎಷ್ಟೇ ಕೆಟ್ಟು ಆಡಿದರೂ ಹೋಗುವುದು ನೂರು ರೂಪಾಯಿ. ಹಸ್ತಿನಾವತಿಯ ಸಭೆಯಲ್ಲಿ ಧರ್ಮರಾಯನನ್ನು ಕೆಡಿಸಿದ್ದು ಶಕುನಿಯ ದಾಳಗಳಷ್ಟೇ ಅಲ್ಲ. ಪಣಕ್ಕೆ ಮೇರೆಯೇ ಇಲ್ಲದ ಆಟದಲ್ಲಿ ಎದ್ದು ನಿಲ್ಲಲಾರದ ಮನಸ್ಸೂ ಕೆಡಿಸಿತು ಎಂದು ನಾನು ಬಗೆಯುತ್ತೇನೆ.

ಎಲೆ ಕೆಳಗಿಡುವುದರ ಹಿಂದೆ ಸರಳವಾದ ಲೆಕ್ಕವಿದೆ. ನನ್ನ ಕೈಯಲ್ಲಿ ಎರಡು ಆಟೀನು, ನಡುವಣ ನಾಲ್ಕು ಎಲೆಗಳಲ್ಲಿ ಎರಡು ಆಟೀನು ಇರುವಲ್ಲಿ, ಇನ್ನೊಂದು ಬಂದರೆ ಐದೂ ಒಂದೇ ಜಾತಿಯವಾಗುವುವು. ನಾನು ಕಂಡದ್ದು ಆರು ಎಲೆ, ಕಾಣದವು 46. ಅವುಗಳಲ್ಲಿ ಆಟೀನು ಒಂಬತ್ತು. ಎಂದರೆ ಐದು ಸಲಕ್ಕೆ ಒಂದು ಸಲವೂ ಸರಿಯಾಗಿ ಬಾರದು. ನಡುವೆ 1,500 ಬಿಲ್ಲೆಗಳು ಬಿದ್ದಿದ್ದು ಮುಂದುವರಿಯಲು ನನ್ನಿಂದ 500 ಕೇಳಿದರೆ, ನಾಲ್ಕು ಸಲಕ್ಕೊಮ್ಮೆ ಗೆದ್ದರೆ ಮಾತ್ರ ಸಮಸಮ. ಆದುದರಿಂದ ಅದೆಷ್ಟೇ ಚೆಲುವಾಗಿ ಕಂಡರೂ ಆ ಕೈಯನ್ನು ಬಿಡತಕ್ಕದ್ದು. ಸಂಭವನೀಯತೆಯನ್ನು ಕರಿಹಲಗೆಯ ಮೇಲೆ ವರ್ಷಗಟ್ಟಲೆ ಬರೆದವನಾದರೂ, ಬೆರಳು ಒತ್ತುವ ಕ್ಷಣದಲ್ಲಿ ಅದನ್ನು ನಂಬುವುದು ಬೇರೆಯೇ ಶಿಕ್ಷಣವೆಂದು ನಾನು ಕಂಡೆನು.

ಒಂದು ರಾತ್ರಿ, ಮೇಜಿನಲ್ಲಿ ಕೆಲವರೇ ಉಳಿದಿದ್ದಾಗ, ನನಗೆ ಎಕ್ಕಗಳ ಜೋಡಿ ಬಂದಿತು. 221 ಕೈಗಳಿಗೊಮ್ಮೆ ಮಾತ್ರ ಬರುವಂಥದು. ಎದುರಾಳಿ ತನ್ನ ಬಿಲ್ಲೆಗಳನ್ನೆಲ್ಲ ತಳ್ಳಿದನು, ನಾನೂ ತಳ್ಳಿದೆನು. ಅವನದು ರಾಜರ ಜೋಡಿ. ಆ ಸ್ಥಿತಿಯಲ್ಲಿ ನೂರಕ್ಕೆ ಸುಮಾರು 82 ಸಲ ನನ್ನದೇ ಗೆಲುವು. ನಾಲ್ಕನೆಯ ಎಲೆಯಾಗಿ ರಾಜ ಬಿದ್ದಿತು, ನಾನು ಹೊರಬಿದ್ದೆನು. ಆ ರಾತ್ರಿ ಕೂಡಲೇ ಇನ್ನೊಂದು ಪಂದ್ಯಕ್ಕೆ ಹಣ ಕಟ್ಟಬೇಕೆಂಬ ತವಕ ಎದೆಯಲ್ಲಿ ಎದ್ದುದನ್ನು ನೆನೆದರೆ ಇಂದಿಗೂ ಭಯವಾಗುತ್ತದೆ. ಮನೆಮಠ ಕಳೆದುಕೊಂಡವರು ಹಿಡಿದ ದಾರಿ ಅಲ್ಲಿಂದಲೇ ಆರಂಭವಾಗುವುದು. ಮೊಬೈಲನ್ನು ಆರಿಸಿ ಅಂಗಳಕ್ಕೆ ಬಂದು ಬಹಳ ಹೊತ್ತು ನಿಂತಿದ್ದೆನು.

2003ರಲ್ಲಿ ಅಮೆರಿಕದ ಲೆಕ್ಕಿಗ ಕ್ರಿಸ್ ಮನಿಮೇಕರ್, 86 ಡಾಲರಿನ ಅರ್ಹತಾ ಪಂದ್ಯದ ಮೂಲಕ ಲಾಸ್ ವೇಗಸ್ಸಿನ ವಿಶ್ವಸ್ಪರ್ಧೆಯನ್ನು ಸೇರಿ 25 ಲಕ್ಷ ಡಾಲರು ಗೆದ್ದ ಕಥೆಯನ್ನು ಹವ್ಯಾಸಿಗಳು ಪುರಾಣದಂತೆ ಹೇಳಿಕೊಳ್ಳುವರು. ಅಂದು ಅವನೊಡನೆ ಕುಳಿತವರು ಎಂಟುನೂರಕ್ಕೂ ಮಿಕ್ಕಿದ್ದರೆಂಬುದನ್ನು ಯಾರೂ ಹೇಳರು. ನನ್ನ ನೋಟ್‌ಪುಸ್ತಕದಲ್ಲಿ ಒಂದೊಂದು ಪಂದ್ಯದ ಲೆಕ್ಕವನ್ನೂ ಬರೆದಿದ್ದೇನೆ. ಮೂರು ವರ್ಷಗಳ ಮೊತ್ತವು ನಷ್ಟವೇ.

ಎಲೆಯಾಟ ನಮ್ಮ ಸೀಮೆಗೆ ಪರಕೀಯವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಚದವೆಂಬ ಎಲೆಯಾಟಗಳ ಹದಿಮೂರು ಬಗೆಗಳನ್ನು ವರ್ಣಿಸಿದ್ದಾರೆ. ಕಾನೂನು ಮಾತ್ರ ಕುಶಲತೆಗೂ ಅದೃಷ್ಟಕ್ಕೂ ನಡುವೆ ಗೆರೆ ಎಳೆಯುತ್ತಲೇ ಬಂದಿತು. ರಮ್ಮಿಯು ಮುಖ್ಯವಾಗಿ ಕುಶಲತೆಯ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಹೇಳಿತು. ಪೋಕರನ್ನು ಕುಶಲತೆಯ ಆಟವಾಗಿ ಆಡುವಲ್ಲಿ ಪರವಾನಗಿ ಬೇಡವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಹೇಳಿತು. 2021ರ ಅಕ್ಟೋಬರಿನಲ್ಲಿ ರಾಜ್ಯವು ಪೊಲೀಸ್ ಅಧಿನಿಯಮವನ್ನು ತಿದ್ದಿ ಹಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು; ಮರುವರ್ಷ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕುಶಲತೆಯೋ ಅದೃಷ್ಟವೋ ಎಂಬ ಭೇದವನ್ನೇ ಎಣಿಸದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು. ನನ್ನ ಮೊಬೈಲಿನ ಮೇಜು ಅಂದಿಗೆ ಮುಚ್ಚಿತು. ಅಂಗಳದಲ್ಲಿ ನಿಂತ ಆ ರಾತ್ರಿಯನ್ನು ನೆನೆದಾಗ ಈ ಕಾನೂನನ್ನು ದೂಷಿಸಲು ನನಗೆ ಮನಸ್ಸು ಬಾರದು. ಆಟವನ್ನು ಮಾತ್ರ ಬಿಡಲಾಗಲಿಲ್ಲ.

ಈಗ ಭಾನುವಾರದ ಸಂಜೆ ನಮ್ಮ ಜಗುಲಿಯ ಮೇಲೆ ಐದಾರು ಮಂದಿ ಸೇರುತ್ತೇವೆ. ಬಿಲ್ಲೆಗಳ ಬದಲು ಹುಣಸೆಬೀಜ, ತಲೆಗೆ ನೂರರಂತೆ. ಹೋದ ವಾರ ಕಬ್ಬು ಬೆಳೆಯುವ ನೆರೆಯವರೊಬ್ಬರು, ನಾನು ನಲವತ್ತು ಬೀಜ ತಳ್ಳಿದುದನ್ನು ಕಂಡು, ಒಂದು ಗಳಿಗೆ ಎಲೆಗಳನ್ನೇ ನೋಡುತ್ತಿದ್ದು, ರಾಣಿಯರ ಜೋಡಿಯನ್ನು ಮೆಲ್ಲನೆ ಕೆಳಗಿಟ್ಟರು. ಏಕೆಂದು ಕೇಳಿದೆ.

"ನೀವು ಸುಮ್‌ಸುಮ್ನೆ ಅಷ್ಟೊಂದು ಬೀಜ ತಳ್ಳೋರಲ್ಲ, ಮೇಷ್ಟ್ರೇ" ಎಂದರು.

ನನ್ನ ಕೈಯಲ್ಲಿದ್ದುದು ಎಕ್ಕಗಳ ಜೋಡಿ.