ಬಿಸಿಲಿದ್ದರೂ ಮೂಳೆ ಸೊರಗುವುದೇಕೆ?

2021ರ ಆಗಸ್ಟ್ 5ರಂದು ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಗೆ ಚಾಲನೆ ಸಿಕ್ಕಿದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳ ಜತೆಗೆ, ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಬೇಕಾದ ದ್ರವದ ಚೀಲಗಳನ್ನೂ ಮನೆಬಾಗಿಲಿಗೆ ತಲುಪಿಸುವ ಯೋಜನೆ ಇದು. ಡಯಾಲಿಸಿಸ್ ಬೇಕಾಗುವಷ್ಟು ಕಿಡ್ನಿ ಸೋತರೆ ರಕ್ತ ಮಾತ್ರ ಕೆಡುವುದಿಲ್ಲ, ಮೂಳೆಯೂ ಸೊರಗುತ್ತದೆ.

ಬಿಸಿಲಿಗೆ ಚರ್ಮ ತಯಾರಿಸುವ ವಿಟಮಿನ್ ಡಿ ಹಾಗೆಯೇ ಕೆಲಸಕ್ಕೆ ಬಾರದು. ಮೊದಲು ಯಕೃತ್ತು, ಆಮೇಲೆ ಕಿಡ್ನಿ ಅದನ್ನು ಮಾರ್ಪಡಿಸಿ ಕ್ಯಾಲ್ಸಿಟ್ರಿಯಾಲ್ ಎಂಬ ಸಕ್ರಿಯ ರೂಪಕ್ಕೆ ತರಬೇಕು. ಕಿಡ್ನಿ ಸೋತು ಈ ಕೆಲಸ ಕುಂಠಿತವಾದಾಗ ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ. ಹೊರಹೋಗಬೇಕಾದ ರಂಜಕ ರಕ್ತದಲ್ಲೇ ಉಳಿಯುತ್ತದೆ. ಆಗ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೆಚ್ಚು ಹಾರ್ಮೋನ್ (ಪಿಟಿಎಚ್) ಸುರಿಸಿ, ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತವೆ.

ಈ ಸೀಮೆಯಲ್ಲಿ ಇನ್ನೊಂದು ತೊಡಕೂ ಇದೆ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ದೇಹದಿಂದ ಹೊರಹಾಕುವುದೂ ಮುಖ್ಯವಾಗಿ ಕಿಡ್ನಿಯೇ. ಅದು ದುರ್ಬಲವಾದರೆ ಫ್ಲೋರೈಡ್ ಮೂಳೆಯಲ್ಲಿ ಇನ್ನಷ್ಟು ಶೇಖರವಾಗುತ್ತದೆ. ಜಪಾನಿನ ಸಾಲದ ನೆರವಿನಿಂದ ರೂಪುಗೊಂಡು 2013ರಲ್ಲಿ ಉದ್ಘಾಟನೆಯಾದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಕಾವೇರಿ ನೀರನ್ನು ಈ ಜಿಲ್ಲೆಗಳಿಗೆ ತಂದಿದ್ದು ಈ ಫ್ಲೋರೈಡ್ ಸಮಸ್ಯೆಯ ಕಾರಣಕ್ಕೆ.

ರಾಗಿಯ ನಾಡಿನಲ್ಲಿ ಕ್ಯಾಲ್ಸಿಯಂಗೆ ಬರವೇ ಎನ್ನಬಹುದು. ಆದರೆ ರಾಗಿಯಲ್ಲಿ ಕ್ಯಾಲ್ಸಿಯಂ ಜತೆಗೆ ರಂಜಕ, ಪೊಟ್ಯಾಸಿಯಂ ಕೂಡ ಉಂಟು. ಕಿಡ್ನಿ ರೋಗಿ ಎಷ್ಟು ಮುದ್ದೆ ಉಣ್ಣಬಹುದು ಎಂಬುದನ್ನು ರಕ್ತಪರೀಕ್ಷೆ ನೋಡಿಯೇ ನಿರ್ಧರಿಸಬೇಕು.

ಕಿಡ್ನಿ ರೋಗಿಗಳು ಮೂಳೆ ನೋವೆಂದು ಔಷಧಿ ಅಂಗಡಿಯಿಂದ ವಿಟಮಿನ್ ಡಿ, ಕ್ಯಾಲ್ಸಿಯಂ ತಂದು ನುಂಗುವುದು ಅಪಾಯ. ಅತಿಯಾದ ಕ್ಯಾಲ್ಸಿಯಂ ರಕ್ತನಾಳಗಳಲ್ಲಿ ಗಟ್ಟಿಕಟ್ಟಬಹುದು. ಕ್ಯಾಲ್ಸಿಯಂ, ರಂಜಕ, ಪಿಟಿಎಚ್, ವಿಟಮಿನ್ ಡಿ ಪರೀಕ್ಷೆಗಳನ್ನು ಮಾಡಿಸಿಕೊಂಡು, ವೈದ್ಯರು ಹೇಳಿದಷ್ಟೇ ಔಷಧಿ ತೆಗೆದುಕೊಳ್ಳಿ.