ಹನ್ನೆರಡು ಕಂತುಗಳ ಪೂರ್ವಾನುರಾಗ

ಸಮಾಗಮಕ್ಕೆ ಮುನ್ನಿನ ಪ್ರೇಮಕ್ಕೆ ನಮ್ಮ ಆಲಂಕಾರಿಕರು ಕೊಟ್ಟಷ್ಟು ಮರ್ಯಾದೆಯನ್ನು ನಮ್ಮ ಈಚಿನ ಕಥೆಗಾರರು ಕೊಟ್ಟಂತೆ ತೋರುವುದಿಲ್ಲ. ಕಾವ್ಯಪ್ರಕಾಶವನ್ನು ರಚಿಸಿದ ಮಮ್ಮಟನು ಕೂಡಿರದವರ ಶೃಂಗಾರವಾದ ವಿಪ್ರಲಂಭಕ್ಕೆ ಅಭಿಲಾಷ, ವಿರಹ, ಈರ್ಷ್ಯೆ, ಪ್ರವಾಸ, ಶಾಪ ಎಂಬ ಐದು ಕಾರಣಗಳನ್ನು ಹೇಳಿ, ಅವುಗಳಲ್ಲಿ ಮೊದಲನೆಯ ಸ್ಥಾನವನ್ನು ಇನ್ನೂ ಸೇರದವರ ಹಂಬಲಕ್ಕೇ ಇತ್ತಿರುವನು. ಸಾಹಿತ್ಯದರ್ಪಣದ ವಿಶ್ವನಾಥನು ಅದನ್ನು ಪೂರ್ವರಾಗವೆಂದು ಕರೆದನು. ರಸ, ಧ್ವನಿ ಮೊದಲಾದ ಶಾಸ್ತ್ರವಿಚಾರಗಳನ್ನು ಕನ್ನಡದ ಓದುಗನಿಗೆ ತಿಳಿಗನ್ನಡದಲ್ಲಿ ಬಿಡಿಸಿ ಹೇಳಿ, 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕೊಟ್ಟ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೆಂಬುದು ನೊಣವಿನಕೆರೆಯ ನಮಗೆ ನೆರೆಮನೆಯ ಹೆಮ್ಮೆ. ಆ ಪರಿಭಾಷೆಯೆಲ್ಲ ಕಾಳಿದಾಸನ ಕಾಲಕ್ಕೇ ಮುಗಿದುಹೋಯಿತೆಂದು ಭಾವಿಸಿದ್ದವರು ಜಪಾನಿನ ಒಂದು ಪುಟ್ಟ ಚಿತ್ರಸರಣಿಯನ್ನು ನೋಡಬೇಕು. ನನಗೆ ಅದನ್ನು ತೋರಿಸಿದವಳು ಬಂಧುಗಳ ಮನೆಯ ಹುಡುಗಿ. ನಮ್ಮ ಊರಿನ ಮಕ್ಕಳು ‘ಅನಿಮೆ’ ಎಂಬ ಹೆಸರಿನಿಂದ ಮೊಬೈಲಿನಲ್ಲಿ ಏನನ್ನು ನೋಡುತ್ತಾರೆಂಬುದು ಹಿರಿಯರಾದ ನಮಗೆ ಹೆಚ್ಚಾಗಿ ಗೊತ್ತಿರುವುದಿಲ್ಲ.

ಸರಣಿಯ ಹೆಸರು ‘ತ್ಸುಕಿ ಗ ಕಿರೇ’. ಚಂದ್ರನು ಚೆಲುವಾಗಿರುವನು ಎಂದು ಅದರ ಅರ್ಥ. ಕಿಶಿ ಸೇಜಿಯವರ ನಿರ್ದೇಶನದಲ್ಲಿ ‘ಫೀಲ್’ ಎಂಬ ಚಿತ್ರಶಾಲೆಯು ನಿರ್ಮಿಸಿದ ಈ ಕೃತಿಯು 2017ರ ಏಪ್ರಿಲಿನಿಂದ ಜೂನ್‌ವರೆಗೆ ಜಪಾನಿನ ದೂರದರ್ಶನದಲ್ಲಿ ಪ್ರಸಾರವಾಯಿತು. ಇಂತಹ ಸರಣಿಗಳು ಬಹುಮಟ್ಟಿಗೆ ಜನಪ್ರಿಯ ಚಿತ್ರಕಥಾಪುಸ್ತಕಗಳಿಂದ ಹುಟ್ಟುವುವಾದರೂ, ಇದು ಯಾವ ಪುಸ್ತಕದ ಋಣವೂ ಇಲ್ಲದೆ ಪರದೆಗಾಗಿಯೇ ಬರೆದದ್ದು. ಕಥೆ ನಡೆಯುವ ಕಾವಾಗೊಯೆ ಟೋಕಿಯೋದ ಸಮೀಪದಲ್ಲಿ, ಸೈತಾಮಾ ಪ್ರಾಂತದಲ್ಲಿರುವ ನಿಜವಾದ ಊರು. ದಪ್ಪ ಮಣ್ಣುಗೋಡೆಯ ಹಳೆಯ ಮಳಿಗೆಗಳಿಂದ ‘ಪುಟ್ಟ ಎಡೊ’, ಎಂದರೆ ಪುಟ್ಟ ಹಳೆಯ ಟೋಕಿಯೋ, ಎಂದು ಹೆಸರಾದದ್ದು, ಅಕ್ಟೋಬರಿನ ರಥೋತ್ಸವಕ್ಕೂ ಸಿಹಿಗೆಣಸಿಗೂ ಪ್ರಸಿದ್ಧವಾದದ್ದು. ನಮ್ಮ ಸೀಮೆಗೆ ತೆಂಗು ಹೇಗೋ ಆ ಊರಿಗೆ ಗೆಣಸು ಹಾಗೆ.

ಅಜುಮಿ ಕೊತಾರೊ ಮತ್ತು ಮಿಜುನೊ ಅಕಾನೆ ಎಂಬಿಬ್ಬರು ಅಲ್ಲಿಯ ಲೆಕ್ಕದಲ್ಲಿ ಕಿರಿಯ ಪ್ರೌಢಶಾಲೆಯ ಕಡೆಯ ವರ್ಷದವರು, ನಮ್ಮ ಲೆಕ್ಕದಲ್ಲಿ ಒಂಬತ್ತನೆಯ ತರಗತಿಯವರು. ಹುಡುಗನು ಸಾಹಿತ್ಯಸಂಘದವನು, ಸಾಹಿತಿ ದಜಾಯಿ ಒಸಾಮುವಿನ ಭಕ್ತ, ಸ್ವತಃ ಕಾದಂಬರಿ ಬರೆಯುವ ಹಂಬಲವುಳ್ಳವನು. ಹುಡುಗಿಯು ಓಟಗಾರ್ತಿ, ಎದೆ ಡವಗುಟ್ಟಿದಾಗಲೆಲ್ಲ ಗೆಣಸಿನಾಕಾರದ ಬಟ್ಟೆಯ ಬೊಂಬೆಯೊಂದನ್ನು ಹಿಸುಕುವವಳು. ಇಬ್ಬರೂ ಮಾತು ಬಾರದವರು. ಶಾಲೆಯ ಕ್ರೀಡೋತ್ಸವದ ಸಾಮಾನುಗಳನ್ನು ನೋಡಿಕೊಳ್ಳುವ ಕೆಲಸ ಇಬ್ಬರಿಗೂ ಬಿದ್ದುದರಿಂದ, ಮೊಬೈಲಿನ ‘ಲೈನ್’ ಎಂಬ ಸಂದೇಶಸಾಧನದಲ್ಲಿ ಒಬ್ಬರಿಗೊಬ್ಬರು ನಾಲ್ಕು ಅಕ್ಷರ ಬರೆಯುವ ನೆಪ ದೊರೆಯುತ್ತದೆ. ಎದುರಿಗೆ ನಿಂತಾಗ ನೆಲ ನೋಡುವವರು ರಾತ್ರಿ ಕೋಣೆಯಲ್ಲಿ ಕುಳಿತು ಒಂದು ವಾಕ್ಯವನ್ನು ಬರೆದು, ಅಳಿಸಿ, ಪುನಃ ಬರೆದು ಕಳುಹಿಸುತ್ತಾರೆ. ಉತ್ತರ ಬಂದಾಗ ಕೊತಾರೊ ಮಾಡುವುದೇನೆಂದರೆ, ದೀಪದಿಂದ ಇಳಿಬಿದ್ದ ದಾರದೊಡನೆ ಮುಷ್ಟಿಯುದ್ಧ. ಹದಿನಾಲ್ಕು ವರ್ಷದ ಹುಡುಗನ ಹರ್ಷಕ್ಕೆ ಇದಕ್ಕಿಂತ ಸತ್ಯವಾದ ಅನುಭಾವವನ್ನು, ಎಂದರೆ ಭಾವದ ಹೊರಗುರುತನ್ನು, ನಾನು ಬೇರೆಲ್ಲಿಯೂ ಕಾಣೆನು.

ಇಲ್ಲಿ ಖಳನಿಲ್ಲ, ಹೊಡೆದಾಟವಿಲ್ಲ, ವಿಷ ಕುಡಿಯುವವರಿಲ್ಲ. ಮೊದಲನೆಯ ಕಂತಿನಲ್ಲಿ ಊಟದ ಹೋಟೆಲಿನಲ್ಲಿ ಎರಡು ಮನೆಯವರೂ ಅಕಸ್ಮಾತ್ತಾಗಿ ಎದುರಾಗಿ, ತಾಯಂದಿರು ಹರಟೆಗೆ ಕುಳಿತು, ಮಕ್ಕಳಿಬ್ಬರೂ ಲಜ್ಜೆಯಿಂದ ಕುಗ್ಗಿಹೋಗುವರಲ್ಲ, ಅಂತಹುದೇ ಇಲ್ಲಿಯ ಮಹಾಘಟನೆ. ಆದರೂ ಮಮ್ಮಟನ ಪಟ್ಟಿ ಹೆಚ್ಚುಕಡಮೆ ಪೂರ್ತಿಯಾಗುತ್ತದೆ. ಅಭಿಲಾಷೆಗೆ ಮೊದಲ ಕಂತುಗಳು. ಈರ್ಷ್ಯೆಗೆ ಗೆಳತಿಯೊಬ್ಬಳು ಕೊತಾರೊನಲ್ಲಿ ಮನಸ್ಸಿಡುವ ಪ್ರಸಂಗ. ವಿರಹಕ್ಕೆ, ಕ್ಯೋಟೋ ಪ್ರವಾಸದಲ್ಲಿ ಉಪಾಧ್ಯಾಯರು ಹುಡುಗನ ಮೊಬೈಲನ್ನು ಕಿತ್ತಿಟ್ಟುಕೊಂಡ ಒಂದು ದಿನವೇ ಸಾಕು. ಪ್ರವಾಸವೂ ಶಾಪವೂ ಬಾಕಿಯೆನ್ನುವಿರಾ? ಅಕಾನೆಯ ತಂದೆಗೆ ವರ್ಗಾವಣೆಯ ಆಜ್ಞೆ ಬರುತ್ತದೆ, ಸಂಸಾರವು ಚೀಬಾ ಪ್ರಾಂತಕ್ಕೆ ಹೊರಡಬೇಕಾಗುತ್ತದೆ. ಸರ್ಕಾರಿ ನೌಕರರ ಮಕ್ಕಳಾಗಿ ಬೆಳೆದವರಿಗೆ ದುರ್ವಾಸರ ಶಾಪಕ್ಕೂ ಈ ಕಾಗದಕ್ಕೂ ಇರುವ ಅಂತರ ಎಷ್ಟೆಂಬುದನ್ನು ಹೇಳಬೇಕಾದುದಿಲ್ಲ.

ಕಥೆಯ ಮಂದಗತಿಯನ್ನು ಹಲವರು ದೋಷವೆಂದು ಎಣಿಸಬಹುದು. ನಮ್ಮ ತೋಟದ ಮನೆಗಳಲ್ಲಿ ಅಟ್ಟಕ್ಕೇರಿಸಿದ ಕಾಯಿಯು ಹೆಚ್ಚುಕಡಮೆ ವರ್ಷದ ಕಾಲ ಮಲಗಿದ್ದು, ನೀರು ಒಳಗೊಳಗೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಕೊಬ್ಬರಿಯಾಗಿ ಗಡಗಡನೆ ಸದ್ದುಮಾಡುವವರೆಗೆ ಅದಕ್ಕೆ ಯಾರೂ ಮಚ್ಚು ತಾಕಿಸುವುದಿಲ್ಲ. ಕಾಕಿಹಾರಾ ಯೂಕೊ ಅವರು ಈ ಕಥೆಯನ್ನು ಹೆಣೆದ ಕ್ರಮವೂ ಅದೇ. ದೋಷವೇನಾದರೂ ಇದ್ದರೆ ಅದು ಬೇರೆಡೆ: ಬೀದಿಯಲ್ಲಿ ನಡೆಯುವ ಜನರನ್ನು ಗಣಕಯಂತ್ರದಿಂದ ಮಾಡಿಸಿರುವರಾಗಿ ಅವರು ಮರದ ಗೊಂಬೆಗಳಂತೆ ಸೆಟೆದು ಸಾಗುತ್ತಾರೆ, ಅದು ಕಣ್ಣಿಗೆ ಒತ್ತುತ್ತದೆ. ಬಹುಪಾಲು ಕಂತುಗಳಿಗೆ ಮಿಯಾಜಾವಾ ಕೆಂಜಿ, ನತ್ಸುಮೆ ಸೋಸೆಕಿ, ದಜಾಯಿ ಮೊದಲಾದವರ ಕೃತಿಗಳ ಹೆಸರನ್ನಿಟ್ಟಿರುವುದು ಮಾತ್ರ ನನಗೆ ಬಹಳ ಹಿಡಿಸಿತು. ತಮ್ಮ ಹಿರಿಯ ಸಾಹಿತಿಗಳನ್ನು ಹದಿಹರೆಯದವರ ಕಥೆಯ ಬಾಗಿಲಲ್ಲಿಯೇ ನಿಲ್ಲಿಸುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕೆ ಉಂಟು?

ಕನ್ನಡದಲ್ಲಿ ಈ ವಯಸ್ಸಿನ ಪ್ರೇಮಕ್ಕೆ ನೆಲೆ ಸಿಕ್ಕಿದ್ದು ಕಡಮೆ. 1942ರ ‘ಮೈಸೂರ ಮಲ್ಲಿಗೆ’ಯಿಂದ ನಾವು ಮನಸಾರೆ ಒಪ್ಪಿಕೊಂಡ ಒಲವು ದಾಂಪತ್ಯದ ಒಲವು, ಅತ್ತ ಚಲನಚಿತ್ರವು ಒಪ್ಪಿಕೊಂಡದ್ದು ಕಾಲೇಜಿನ ಪ್ರೇಮ, ಅದೂ ಹುಡುಗಿಯ ಬೆನ್ನುಹತ್ತಿ ಕಾಡಿಸುವುದನ್ನೇ ಶೌರ್ಯವೆಂದು ಬಗೆದ ಪ್ರೇಮ. ಇವೆರಡರ ನಡುವೆ ಪ್ರೌಢಶಾಲೆಯ ಬೆಂಚು ಬರಿದಾಗಿಯೇ ಉಳಿಯಿತು. 2018ರಲ್ಲಿ ರಿಷಬ್ ಶೆಟ್ಟಿಯವರು ನಿರ್ದೇಶಿಸಿದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಚಿತ್ರವು ಅಲ್ಲಿಗೆ ಒಂದಿಷ್ಟು ಬೆಳಕು ಬಿಟ್ಟಿತು. ಗಡಿನಾಡಿನ ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವುದೇ ಅದರ ಮುಖ್ಯ ವಸ್ತುವಾದರೂ, ಪ್ರವೀಣನೆಂಬ ಹುಡುಗನಿಗೆ ಸಹಪಾಠಿ ಪಲ್ಲವಿಯ ಮೇಲಿರುವ ಮೋಹವನ್ನು ಗೇಲಿಗೂ ಒಳಪಡಿಸದೆ, ಅತಿಯಾಗಿಯೂ ಉಬ್ಬಿಸದೆ, ಬಾಲ್ಯದ ಒಂದು ಸಹಜ ಧರ್ಮವೆಂಬಂತೆ ಅದು ತೋರಿಸಿತು. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದಿತು. ಆದರೆ ಅಲ್ಲಿ ಎಳೆಯಾಗಿರುವುದನ್ನೇ ಇಡೀ ಸೀರೆಯಾಗಿ ನೇಯ್ದವರು ಇನ್ನೂ ಇಲ್ಲ.

ಸಾಮಗ್ರಿಗೇನೂ ಬರವಿಲ್ಲ. ಎಂಟನೆಯ ತರಗತಿಯವರಿಗೆ ಸರ್ಕಾರವು ಹಂಚಿದ ಬೈಸಿಕಲ್ಲುಗಳು, ಕೆರೆಯ ಏರಿ, ತಿಪಟೂರಿನ ಬಸ್ಸು, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಭಯ, ಕೊಬ್ಬರಿಯ ದರ ಇಳಿದ ವರ್ಷ ಮನೆಯಲ್ಲಿ ಕವಿಯುವ ಮೌನ, ಜಾತ್ರೆಯ ತೇರು: ಕಾವಾಗೊಯೆಯಲ್ಲಿ ಇರುವುದು ಇದಕ್ಕಿಂತ ಹೆಚ್ಚೇನು? ಕೊತಾರೊ ತನ್ನೂರಿನ ಉತ್ಸವಕ್ಕೆ ವಾದ್ಯಮೇಳದೊಡನೆ ಅಭ್ಯಾಸ ಮಾಡುವುದನ್ನು ನೋಡಿದಾಗ ನಮ್ಮ ಹುಡುಗರ ಸೋಮನಕುಣಿತವೇ ನೆನಪಾಗುತ್ತದೆ. ಬೆಂಗಳೂರಿನ ಚಿತ್ರಶಾಲೆಗಳಲ್ಲಿ ಪರದೇಶದ ಚಿತ್ರಗಳಿಗಾಗಿ ದುಡಿಯುವ ಕನ್ನಡದ ತರುಣ ಕಲಾವಿದರು ಈ ಸೀಮೆಯ ಒಂದು ಪ್ರೌಢಶಾಲೆಯನ್ನು ಆರಿಸಿಕೊಂಡು ಹನ್ನೆರಡೇ ಕಂತುಗಳನ್ನು ಬರೆದು ನೋಡಲಿ ಎಂಬುದು ನನ್ನ ಬಿನ್ನಹ.

ಮಕ್ಕಳೊಡನೆ ನೋಡಬಯಸುವ ತಾಯಿತಂದೆಗಳಿಗೆ ಒಂದು ಮಾತು. ಒಂದೊಂದು ಕಂತೂ ಸುಮಾರು ಇಪ್ಪತ್ತನಾಲ್ಕು ನಿಮಿಷದ್ದು, ಒಟ್ಟು ಐದು ಗಂಟೆಯೊಳಗೆ ಮುಗಿಯುತ್ತದೆ. ಮಾತು ಜಪಾನಿಯಾದ್ದರಿಂದ ಇಂಗ್ಲಿಷ್ ಅಡಿಬರಹದ ಆಸರೆ ಬೇಕಾಗುತ್ತದೆ. ಹನ್ನೆರಡನೆಯ ಕಂತು ಮುಗಿದು ಪರದೆಯ ಮೇಲೆ ಹೆಸರುಗಳು ಓಡತೊಡಗಿದಾಗ ಮಾತ್ರ ಎದ್ದುಹೋಗಬಾರದು: ಆ ಇಬ್ಬರ ಮುಂದಿನ ವರ್ಷಗಳೆಲ್ಲ ಆ ಕೆಲವು ನಿಮಿಷಗಳಲ್ಲಿಯೇ ಇವೆ.